ಬೆಣ್ಣೆಗೂ ಲೈಟು ಬಿಟ್ಟು ನೋಡಿದೆ: 46 ಸಾವಿರದ ರಾಮನ್ ಕಿಟ್ ಆರು ತಿಂಗಳ ಬಳಿಕ

ಪೆಟ್ಟಿಗೆ ಒಳ್ಳೆಯದೇ. ಅದರ ಜೊತೆ ಬರುವ ಕನ್ನಡಕ ಮಾತ್ರ ಹಾಕಿಕೊಳ್ಳಬೇಡಿ. ಅವಸರದಲ್ಲಿರುವವರು ಇಷ್ಟೇ ಓದಿ ಹೋದರೂ ಸಾಕು, ಕಣ್ಣು ಉಳಿಯುತ್ತದೆ.

ಉಳಿದವರಿಗೆ ವಿವರ. ಹೋದ ಅಕ್ಟೋಬರಿನಲ್ಲಿ ಆನ್‌ಲೈನಿನಲ್ಲಿ ಒಂದು ಪುಟ್ಟ ರಾಮನ್ ಸ್ಪೆಕ್ಟ್ರೋಮೀಟರ್ ಕಿಟ್ ತರಿಸಿದೆ, ವಸ್ತುವಿನ ಮೇಲೆ ಲೇಸರ್ ಬಿಟ್ಟು ಅದು ಏನು ಅಂತ ಗುರುತಿಸುವ ಪೆಟ್ಟಿಗೆ. 46 ಸಾವಿರ ರೂಪಾಯಿ, ನನ್ನ ಸ್ವಂತ ದುಡ್ಡು. ಕಾಲೇಜಿಗೆ ಮೂರು ಸಲ ಅರ್ಜಿ ಕೊಟ್ಟಿದ್ದೆ, ಮೂರು ಸಲವೂ "ಮುಂದಿನ ವರ್ಷ ನೋಡೋಣ" ಅಂದರು, ನನ್ನ ರಿಟೈರ್‌ಮೆಂಟಿಗೆ ಉಳಿದಿರುವ ವರ್ಷ ಲೆಕ್ಕ ಹಾಕಿ ನಾನೇ ತೆಗೆದುಕೊಂಡೆ. ಮನೆಯಲ್ಲಿ ಹೇಳಿದ ಬೆಲೆ ಬೇರೆ. ಕಂಪನಿ ಯಾವುದು ಅಂತ ಕೇಳಬೇಡಿ. ಇದೇ ಪೆಟ್ಟಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ನಾಲ್ಕೈದು ಕಡೆ ಮಾರಾಟಕ್ಕಿದೆ, ಫೋಟೋ ನೋಡಿದರೆ ಗುರುತು ಸಿಗುತ್ತದೆ.

ಒಳಗೆ ಇರುವುದು ಇಷ್ಟು. ಒಂದು ಹಸಿರು ಲೇಸರ್, 532 ನ್ಯಾನೋಮೀಟರ್, ಮೇಲೆ 50 ಮಿಲಿವ್ಯಾಟ್ ಅಂತ ಚೀಟಿ. ಊಟದ ಡಬ್ಬಿ ಗಾತ್ರದ ಅಲ್ಯುಮಿನಿಯಂ ಸ್ಪೆಕ್ಟ್ರೋಮೀಟರ್. ಒಂದು ಲೆನ್ಸು, ಲೇಸರ್ ಬೆಳಕನ್ನು ತಡೆಯುವ ಒಂದು ಫಿಲ್ಟರ್, ಯುಎಸ್‌ಬಿ ಕೇಬಲ್, ಸಾಫ್ಟ್‌ವೇರ್ ಇರುವ ಪೆನ್ ಡ್ರೈವ್, ಒಂದು ಜೊತೆ ಕನ್ನಡಕ. ಮಾದರಿ ಇಡುವ ಸ್ಟ್ಯಾಂಡ್ ಪ್ಲಾಸ್ಟಿಕ್ಕಿನದು, ಎರಡನೇ ದಿನವೇ ಅಲುಗಾಡಲು ಶುರುವಾಯಿತು.

ನಾನು ಯಾರು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ರಿವ್ಯೂಗೆ ಅರ್ಥವಿಲ್ಲ. ನಾನು ಅನಲಿಟಿಕಲ್ ಕೆಮಿಸ್ಟ್ರಿಯವನು, ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಿಎಚ್‌ಡಿ ಬೆಂಗಳೂರಿನಲ್ಲಿ, ಲೇಸರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ. ನನ್ನ ವಿಷಯ ಲಿಬ್ಸ್. ಅಂದರೆ ಒಂದು ಜೋರಾದ ಲೇಸರ್ ಪೆಟ್ಟನ್ನು ಮಣ್ಣಿನ ಮೇಲೋ ಲೋಹದ ಮೇಲೋ ಕೊಡುವುದು. ಆ ಪೆಟ್ಟು ಇರುವುದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದ ಲೆಕ್ಕದಲ್ಲಿ, ಬೆರಳೆಣಿಕೆಯಷ್ಟು ನ್ಯಾನೋಸೆಕೆಂಡ್. ಅಷ್ಟರಲ್ಲೇ ಅಲ್ಲಿನ ಚೂರು ಆವಿಯಾಗಿ, ಹತ್ತು ಸಾವಿರ ಡಿಗ್ರಿ ಆಸುಪಾಸಿನ ಪ್ಲಾಸ್ಮಾ (ವಿದ್ಯುತ್ ತುಂಬಿದ ಬಿಸಿ ಅನಿಲ) ಆಗಿ, ಚಿಟಿಕೆ ಹೊಡೆದ ಹಾಗೆ ಸದ್ದು ಮಾಡಿ ಆರುತ್ತದೆ. ಆರುವಾಗ ಒಂದೊಂದು ಧಾತುವೂ ತನ್ನದೇ ಬಣ್ಣದ ಗೆರೆ ಬಿಡುತ್ತದೆ. ಅಮೆರಿಕದ ವಿಜ್ಞಾನಿ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ ತಿಂಗಳಲ್ಲಿ. 1962ಕ್ಕಾಗಲೇ ಇದೇ ಥರ ಲೇಸರ್ ಕಿಡಿಯಿಂದ ಧಾತು ಹುಡುಕುವ ಮಾತು ಶುರುವಾಗಿತ್ತು. ಅಷ್ಟು ಬೇಗ.

ಕೇಳಲು ಚೆಂದ, ಅಲ್ವಾ? ಮಾಡಲು ಕೂತರೆ ಬೇರೆ. ಐದೂವರೆ ವರ್ಷದ ಪಿಎಚ್‌ಡಿಯಲ್ಲಿ ಮೂರು ವರ್ಷ ನಾನು ಕನ್ನಡಿ ತಿರುಗಿಸುತ್ತಲೇ ಕಳೆದೆ. ಕಪ್ಪು ಪರದೆ ಹಾಕಿದ ಕೋಣೆ, ಸೆಕೆಂಡಿಗೆ ಹತ್ತು ಸಲ ಟಕ್ ಟಕ್ ಅನ್ನುವ ಲೇಸರ್, ಅದನ್ನು ತಣ್ಣಗಿಡುವ ನೀರಿನ ಪಂಪಿನ ಗೊರಗೊರ. ಯಾರೋ ಬಾಗಿಲು ಜೋರಾಗಿ ಹಾಕಿದರೆ ಆ ದಿನದ ಅಲೈನ್‌ಮೆಂಟ್, ಅಂದರೆ ಬೆಳಕಿನ ದಾರಿ ಹೊಂದಿಸಿದ ಕೆಲಸ, ಹೋಯಿತು ಅಂತಲೇ ಲೆಕ್ಕ. ಊರಿಗೆ ಬಂದಾಗ ಅಮ್ಮ "ಏನ್ ಓದ್ತೀಯಪ್ಪ ಅಲ್ಲಿ?" ಅಂತ ಕೇಳಿದರೆ "ಮಣ್ಣಿಗೆ ಬೆಂಕಿ ಹಚ್ಚಿ ನೋಡ್ತೀನಮ್ಮ" ಅನ್ನುತ್ತಿದ್ದೆ. ಅದಕ್ಕೆ ಬೆಂಗಳೂರಿಗೆ ಯಾಕೆ ಹೋಗಬೇಕಿತ್ತು ಅನ್ನುವುದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಆರು ವರ್ಷ ಅತಿಥಿ ಉಪನ್ಯಾಸಕ, ಮೂರು ಕಾಲೇಜು, ಬೇಸಿಗೆ ರಜೆಯಲ್ಲಿ ಸಂಬಳ ಇಲ್ಲ. ಕಾಯಂ ಆದ ಮೇಲೆ ಲೇಸರ್ ಇಲ್ಲ. ಒಂದು ಲಿಬ್ಸ್ ಸೆಟಪ್ ಕಟ್ಟಲು ಬೇಕಾದ ದುಡ್ಡಿಗೆ ನಮ್ಮ ವಿಭಾಗದ ಹತ್ತು ವರ್ಷದ ಕೆಮಿಕಲ್ಸ್ ಬರುತ್ತವೆ. ಹೀಗಾಗಿ ಬ್ಯೂರೆಟ್, ಪಿಪೆಟ್, ಟೈಟ್ರೇಷನ್. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಗಂಧಕ ಇದೆ ಅಂತ ಹೇಳಿತಲ್ಲ, ಅದನ್ನು ಕಂಡದ್ದು ಲಿಬ್ಸ್ ಉಪಕರಣವೇ, ಬೆಂಗಳೂರಿನ ಇಸ್ರೋ ಲ್ಯಾಬಿನಲ್ಲೇ ತಯಾರಾದದ್ದು. ಮರುದಿನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿ ಒಬ್ಬಳು ಎದ್ದು ಕೇಳಿದಳು, "ಸರ್, ಚಂದ್ರನ ಮೇಲೆ ಐತಿ, ನಮ್ಮ ಲ್ಯಾಬಿನಾಗೆ ಯಾಕಿಲ್ಲ?" ಈ ಕಿಟ್ ಕೊಳ್ಳುವ ಯೋಚನೆ ಹುಟ್ಟಿದ್ದು ಅಲ್ಲಿ. ಲಿಬ್ಸ್ ಕೈಗೆಟುಕುವುದಿಲ್ಲ, ರಾಮನ್ ಆದರೂ ಇರಲಿ ಅಂತ.

ರಾಮನ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ ಬಹುಪಾಲು ಅದೇ ಬಣ್ಣದಲ್ಲಿ ಚದುರುತ್ತದೆ. ಕೋಟಿಗೆ ಒಂದರ ಲೆಕ್ಕದಲ್ಲಿ ಎಲ್ಲೋ ಒಂದು ಬೆಳಕಿನ ಕಣ ಅಣುವಿನ ಬಂಧವನ್ನು ಅಲುಗಾಡಿಸಿ, ಅದಕ್ಕಾಗಿ ಸ್ವಲ್ಪ ಶಕ್ತಿ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಅನ್ನುವುದೇ ಆ ಬಂಧದ ಗುರುತು. 1928ರ ಫೆಬ್ರುವರಿ 28ರಂದು ಸಿ.ವಿ. ರಾಮನ್ ಕಲ್ಕತ್ತಾದಲ್ಲಿ ಇದನ್ನು ಕಂಡಾಗ ಲೇಸರ್ ಎಲ್ಲಿತ್ತು? ಸೂರ್ಯನ ಬೆಳಕು, ಆಮೇಲೆ ಪಾದರಸದ ದೀಪ. ಅದೇ 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನುವ ತಾಯಿ ಮಕ್ಕಳನ್ನು ಕಟ್ಟಿಕೊಂಡು ನಮ್ಮೂರಿಗೆ ಬಂದು ದೋಸೆ ಹೊಯ್ಯಲು ಶುರು ಮಾಡಿದರು, ಬೆಣ್ಣೆದೋಸೆಯ ಮೂಲ ಅಲ್ಲಿದೆ ಅಂತ ದಾವಣಗೆರೆಯಲ್ಲಿ ಹೇಳುತ್ತಾರೆ. ಎರಡೂ ಒಂದೇ ವರ್ಷ. ಇದನ್ನು ಪ್ರತಿ ವರ್ಷ ವಿಜ್ಞಾನ ದಿನದ ಭಾಷಣದಲ್ಲಿ ಹೇಳುತ್ತೇನೆ. ಚಪ್ಪಾಳೆ ಬರುವುದು ದೋಸೆಗೆ.

ಸರಿ, ಕಿಟ್ಟಿಗೆ ಬರೋಣ. ಮೊದಲು ಕನ್ನಡಕ. ಡಬ್ಬಿ ತೆರೆದಾಗ ಹಸಿರು ಗಾಜಿನ ಕನ್ನಡಕ ಕಂಡಿತು. ಹಸಿರು ಲೇಸರ್‌ಗೆ ಹಸಿರು ಕನ್ನಡಕ ಅಂತ ಯಾರೋ ಪುಣ್ಯಾತ್ಮ ಜೋಡಿ ಮಾಡಿದ್ದಾನೆ. ಸ್ವಲ್ಪ ಯೋಚಿಸಿ. ಗಾಜು ಹಸಿರಾಗಿ ಕಾಣುವುದೇ ಅದು ಹಸಿರನ್ನು ಒಳಗೆ ಬಿಡುವುದರಿಂದ. ಅಂಥದ್ದು ಕೆಂಪು ಲೇಸರ್ ತಡೆಯಲು ಆಗಬಹುದು. 532ಕ್ಕೆ ಬೇಕಾದದ್ದು ಕಿತ್ತಳೆ ಅಥವಾ ಕೆಂಪು ಗಾಜು, ಅದರ ಮೇಲೆ ಯಾವ ತರಂಗಾಂತರಕ್ಕೆ ಎಷ್ಟು ತಡೆ ಅಂತ ಅಚ್ಚಾಗಿರಬೇಕು. ಐದು ಮಿಲಿವ್ಯಾಟ್ ದಾಟಿದ ಲೇಸರ್ ಕಣ್ಣಿಗೆ ಬಿದ್ದರೆ ರೆಪ್ಪೆ ಮುಚ್ಚುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ, ಇದು 50. ಮಾರಿದವರಿಗೆ ಅಂದೇ ಮೇಲ್ ಹಾಕಿದೆ. ನಾನು ಹಳೇ ಕಿತ್ತಳೆ ಕನ್ನಡಕ ಹುಡುಕಿ ತೆಗೆದೆ, ಪಿಎಚ್‌ಡಿ ಕಾಲದ್ದು, ಗೈಡ್ ಕೊಟ್ಟಿದ್ದು.

ಎರಡನೇ ಪರೀಕ್ಷೆ ಕಾಣದ ಬೆಳಕಿನದು. ಇಂಥ ಹಸಿರು ಲೇಸರ್ ನೇರವಾಗಿ ಹಸಿರು ಹುಟ್ಟಿಸುವುದಿಲ್ಲ. ಒಳಗೆ 808 ನ್ಯಾನೋಮೀಟರಿನ ಡಯೋಡ್ ಒಂದು ಹರಳನ್ನು ಎಬ್ಬಿಸುತ್ತದೆ, ಆ ಹರಳು 1064 ಕೊಡುತ್ತದೆ, ಇನ್ನೊಂದು ಹರಳು ಅದನ್ನು ಅರ್ಧ ಮಾಡಿ 532ಕ್ಕೆ ತರುತ್ತದೆ. ಮೊದಲಿನ ಎರಡೂ ಕಣ್ಣಿಗೆ ಕಾಣದ ಇನ್ಫ್ರಾರೆಡ್. ಅದನ್ನು ತಡೆಯುವ ಫಿಲ್ಟರ್ ಹಾಕದೆ ದುಡ್ಡು ಉಳಿಸಿದರೆ ಹಸಿರಿನ ಜೊತೆ ಅದೂ ಹೊರಬರುತ್ತದೆ. ಪರೀಕ್ಷೆ ಸುಲಭ. ಒಂದು ಹಳೆ ಸಿಡಿ ತಗೊಳ್ಳಿ, ಅದರ ಗೆರೆಗಳ ನಡುವೆ 1.6 ಮೈಕ್ರಾನ್ ಅಂತರ ಇರುವುದರಿಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುತ್ತದೆ. ಲೇಸರ್ ಬಿಟ್ಟು, ಚದುರಿದ ಚುಕ್ಕೆಗಳನ್ನು ಗೋಡೆಯ ಮೇಲೆ ಬೀಳಿಸಿ, ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ. ಮೊದಲು ಟಿವಿ ರಿಮೋಟ್ ಒತ್ತಿ ಆ ಕ್ಯಾಮೆರಾಕ್ಕೆ ಇನ್ಫ್ರಾರೆಡ್ ಕಾಣುತ್ತದೋ ಅಂತ ಖಾತ್ರಿ ಮಾಡಿಕೊಳ್ಳಿ. ಬರಿಗಣ್ಣಿಗೆ ಹಸಿರು ಚುಕ್ಕೆ ಮಾತ್ರ ಇತ್ತು, ಕ್ಯಾಮೆರಾದಲ್ಲಿ ಅದರಾಚೆ ಮಂಕಾದ ಇನ್ನೊಂದು. ಅಂದರೆ ಸೋರುತ್ತಿದೆ. ಕೆಟ್ಟುಹೋದ ವೆಬ್‌ಕ್ಯಾಮ್ ಬಿಚ್ಚಿ, ಅದರೊಳಗಿನ ಇನ್ಫ್ರಾರೆಡ್ ತಡೆಯುವ ಗಾಜಿನ ಚೂರನ್ನು ಲೇಸರ್ ಮುಂದೆ ಅಂಟಿಸಿದೆ. ಆಮೇಲೆ ಆ ಚುಕ್ಕೆ ಹೋಯಿತು. ಖರ್ಚು ಸೊನ್ನೆ. 46 ಸಾವಿರ ತಗೊಂಡವರು ಇಷ್ಟು ಮಾಡಬಹುದಿತ್ತು.

ಅಲುಗಾಡುವ ಸ್ಟ್ಯಾಂಡಿನ ಬದಲು ಮಂಡಿಪೇಟೆ ಹತ್ತಿರದ ಒಂದು ಲೇತ್ ಶಾಪಿನಲ್ಲಿ ಅಲ್ಯುಮಿನಿಯಂ ಹೋಲ್ಡರ್ ಮಾಡಿಸಿದೆ. ಮೇಸ್ತ್ರಿ ಮೊದಲು ನಕ್ಕ, "ಸರ್, ಇದೇನ್ ಬಾಟ್ಲಿ ಸ್ಟ್ಯಾಂಡಾ?" ಅಂದ. ಬೆಳಕು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅಂತ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ತೋರಿಸಿದ ಮೇಲೆ ಸುಮ್ನೆ ಕೂತು ಅರ್ಧ ದಿನದಲ್ಲಿ ಮಾಡಿಕೊಟ್ಟ, 350 ರೂಪಾಯಿಗೆ, ತೊಂಬತ್ತು ಡಿಗ್ರಿ ಅಂದರೆ ತೊಂಬತ್ತೇ. ಒಳಗೆ ಕಪ್ಪುಹಲಗೆಯ ಪೇಂಟ್ ಬಳಿದೆ, ಬೇಡದ ಬೆಳಕು ಪುಟಿಯದಿರಲಿ ಅಂತ. ಈ ಇಡೀ ವ್ಯವಹಾರದಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಸಿಕ್ಕಿದ್ದು ಆ ಅಂಗಡಿಯಲ್ಲಿ.

ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿ ಹೊಂದಿಸುವ ಕೆಲಸ, ಮಾಡಿಯೇ ಕಳಿಸಿದ್ದೇವೆ ಅಂತ ಕಾಗದ ಇತ್ತು. ನಂಬಬೇಡಿ. ಪಾದರಸದ ಗೆರೆಗಳು ಎಲ್ಲಿ ಬರಬೇಕು ಅಂತ ಜಗತ್ತಿಗೇ ಗೊತ್ತು, 546.1 ಹಸಿರು, 577.0 ಮತ್ತು 579.1 ಹಳದಿ. ಅದಕ್ಕೆ ಒಂದು ಸಿಎಫ್‌ಎಲ್ ಬಲ್ಬ್ ಸಾಕು. ಆದರೆ ಈಗ ಅಂಗಡಿಯಲ್ಲಿ ಎಲ್ಲಾ ಎಲ್‌ಇಡಿ! ಕೊನೆಗೆ ಪಕ್ಕದ ಮನೆ ಅಜ್ಜಿಯ ಅಟ್ಟದಿಂದ ಒಂದು ಸಿಕ್ಕಿತು. ನೋಡಿದರೆ ಗೆರೆಗಳೆಲ್ಲ ಎರಡು ನ್ಯಾನೋಮೀಟರ್ ಆಚೆ ನಿಂತಿದ್ದವು. ಎರಡು ಅಂದರೆ ಸಣ್ಣದಲ್ಲ. ರಾಮನ್ ಭಾಷೆಯಲ್ಲಿ ಅದು 60-70 ವೇವ್‌ನಂಬರ್ (ಬೆಳಕಿನ ಬಣ್ಣ ಎಷ್ಟು ಬದಲಾಯಿತು ಅಂತ ಅಳೆಯುವ ಲೆಕ್ಕ, ಮುಂದೆ ಬರುವ ರಾಮನ್ ಗೆರೆಗಳ ಅಂಕಿಗಳೂ ಇದರಲ್ಲೇ), ಒಂದು ಬಂಧವನ್ನು ಇನ್ನೊಂದು ಅಂತ ತಿಳಿದುಕೊಳ್ಳಲು ಅಷ್ಟು ಸಾಕು. ಸಾಫ್ಟ್‌ವೇರಿನಲ್ಲಿ ಸರಿ ಮಾಡಿಕೊಳ್ಳಬಹುದು, ಆ ಸೌಕರ್ಯ ಚೆನ್ನಾಗಿದೆ, ಅದಕ್ಕೆ ಪೂರ್ತಿ ಅಂಕ. ಆ ಎರಡು ಹಳದಿ ಗೆರೆ ಒಂದಕ್ಕೊಂದು ಮೆತ್ತಿಕೊಂಡೇ ಕಾಣುತ್ತವೆ, ಉಪ್ಪನ್ನು ಜ್ವಾಲೆಗೆ ಹಿಡಿದರೆ ಬರುವ ಸೋಡಿಯಂ ಜೋಡಿ 589.0 ಮತ್ತು 589.6 ಬಿಡಿಸುವ ಮಾತೇ ಇಲ್ಲ. ಈ ಬೆಲೆಗೆ ಅದು ತಪ್ಪಲ್ಲ.

ಈಗ ಕೆಲಸ ಹೇಗೆ ಮಾಡುತ್ತದೆ ಅಂತ. ಶುದ್ಧ ದ್ರವಗಳಿಗೆ ಬಹಳ ಚೆನ್ನಾಗಿ. ಎಥನಾಲ್ ಇಟ್ಟರೆ 2930ರ ಹತ್ತಿರ ದೊಡ್ಡ ಗುಡ್ಡ, ಅಂದರೆ 630 ನ್ಯಾನೋಮೀಟರಿನ ಕೆಂಪಿನಲ್ಲಿ, ಇನ್ನೊಂದು 880ರಲ್ಲಿ. ಮೆಥನಾಲ್ ಇಟ್ಟರೆ 880 ಮಾಯ, 1035ರಲ್ಲಿ ಹೊಸದು. ಎರಡು ಬಾಟಲಿ, ಕಣ್ಣಿಗೆ ಎರಡೂ ನೀರಿನ ಥರ, ಒಂದು ಸ್ಯಾನಿಟೈಸರ್, ಇನ್ನೊಂದು ಕುಡಿದರೆ ಕಣ್ಣು ಹೋಗುವ ವಿಷ. ಪರದೆಯ ಮೇಲೆ ಗೆರೆ ಏಳುವುದನ್ನು ನೋಡಿ ಬಿಎಸ್ಸಿ ಮಕ್ಕಳ ಬಾಯಿ ತೆರೆದದ್ದು ತೆರೆದೇ ಇತ್ತು. ನನಗೆ ಲೇಸರ್ ಮುಟ್ಟಲು ಬಿಟ್ಟದ್ದು ಪಿಎಚ್‌ಡಿಯ ಎರಡನೇ ವರ್ಷ, ಇವರು ಹತ್ತೊಂಬತ್ತನೇ ವಯಸ್ಸಿಗೇ ತಾವೇ ಅಲೈನ್ ಮಾಡುತ್ತಿದ್ದಾರೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಅವೆರಡನ್ನೂ ಬೆರೆಸಿ ಇಟ್ಟು ನೋಡಿ. ಎಥನಾಲಿಗೂ 1050ರ ಆಸುಪಾಸಿನಲ್ಲಿ ತನ್ನದೇ ಒಂದು ಗೆರೆ ಇದೆ. ಈ ಪೆಟ್ಟಿಗೆಗೆ ಹೆಚ್ಚುಕಡಿಮೆ 50 ವೇವ್‌ನಂಬರಿಗಿಂತ ಹತ್ತಿರದ್ದು ಬಿಡಿಸಲು ಬರುವುದಿಲ್ಲ. ಹಾಗಾಗಿ ಸ್ವಲ್ಪ ಮೆಥನಾಲ್ ಸೇರಿದ್ದರೆ ಅದು ಎಥನಾಲಿನ ಬೆನ್ನ ಹಿಂದೆ ಅಡಗಿಕೊಳ್ಳುತ್ತದೆ. ಅಂದರೆ ಯಾವುದಕ್ಕೆ ಇದು ಬೇಕೋ ಅಲ್ಲೇ ಕೈ ಕೊಡುತ್ತದೆ. ಇದನ್ನು ಜಾಹೀರಾತಿನಲ್ಲಿ ಯಾರೂ ಬರೆದಿಲ್ಲ. ಅಲ್ಲಿರುವುದು "ನೀರು, ಹಾಲು, ಎಣ್ಣೆ, ಔಷಧಿ, ಯಾವುದರ ಕಲಬೆರಕೆಯೂ ಒಂದೇ ನಿಮಿಷದಲ್ಲಿ" ಅನ್ನುವ ಮಾತು.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಜಗಳೂರು ಕಡೆಯ ಹುಡುಗ ಒಬ್ಬ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತಂದ. "ಸರ್, ಇದ್ರಾಗೆ ಫ್ಲೋರೈಡ್ ಎಷ್ಟೈತಿ ನೋಡ್ರಿ, ನಮ್ಮಜ್ಜನ ಹಲ್ಲು ನೋಡೀರಲ್ಲ." ನೋಡಿದ್ದೆ. ಆ ಕಡೆ ಹಲ್ಲಿನ ಮೇಲಿನ ಕಂದು ಕಲೆಯನ್ನು ಯಾರೂ ಕಾಯಿಲೆ ಅಂತಲೂ ಎಣಿಸುವುದಿಲ್ಲ, ಅಷ್ಟು ಮಾಮೂಲು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಹುಡುಗನ ಕಣ್ಣಲ್ಲಿ ಈ ಹಸಿರು ಲೈಟಿನ ಮೇಲೆ ಎಷ್ಟು ನಂಬಿಕೆ! ನಾನು ಹೇಳಬೇಕಾಯಿತು, ಅಪ್ಪಾ, ರಾಮನ್‌ಗೆ ಫ್ಲೋರೈಡ್ ಕಾಣುವುದೇ ಇಲ್ಲ. ಸ್ವಲ್ಪ ಇದೆ ಜಾಸ್ತಿ ಇದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನೀರಿನಲ್ಲಿ ಕರಗಿದ ಫ್ಲೋರೈಡ್ ಒಂಟಿ ಅಯಾನು, ಅದಕ್ಕೆ ಬಂಧವಿಲ್ಲ, ಬಂಧವಿಲ್ಲದ ಮೇಲೆ ಅಲುಗಾಡುವುದೇನು? ನಾನು ಹೊಟ್ಟೆಪಾಡಿಗೆ ಕಲಿತ ಲಿಬ್ಸ್ ಕೂಡ ಫ್ಲೋರಿನ್ ವಿಷಯದಲ್ಲಿ ತಿಣುಕುತ್ತದೆ, ಅದರ ಪರಮಾಣುವನ್ನು ಎಬ್ಬಿಸಲು ಬಹಳ ಶಕ್ತಿ ಬೇಕು. ಕೊನೆಗೆ ಫ್ಲೋರೈಡ್ ಇದ್ದಷ್ಟೂ ಜಿರ್ಕೋನಿಯಂ ಬಣ್ಣ ಮಾಸುವ ಹಳೇ ವಿಧಾನದಲ್ಲೇ ಅವನ ಕೈಯಲ್ಲೇ ಮಾಡಿಸಿದೆ. ಬಂದ ಅಂಕಿ ಅವನ ಊರಿಗೆ ಹೊಸದೇನಲ್ಲ. ಆದರೆ ಇದೇ ಪೆಟ್ಟಿಗೆ ಹಿಡಿದುಕೊಂಡು ಯಾರಾದರೂ ಹಳ್ಳಿಗೆ ಹೋಗಿ ನೀರಿಗೆ ಲೈಟು ಬಿಟ್ಟು, "ನೋಡ್ರಿ, ಗೆರೆ ಬಂದಿಲ್ಲ, ಫ್ಲೋರೈಡ್ ಇಲ್ಲ" ಅಂದರೆ? ಗೆರೆ ಎಂದೂ ಬರುವುದಿಲ್ಲ. ನನಗೆ ಸಿಟ್ಟು ಬಂದದ್ದು ಈ ಒಂದು ಕಾರಣಕ್ಕೆ. ಕನ್ನಡಕದ ಸಿಟ್ಟು ಅದರ ಮುಂದೆ ಏನೂ ಅಲ್ಲ.

ಎಣ್ಣೆ ವಿಷಯ ಚುಟುಕಾಗಿ. ಚಳ್ಳಕೆರೆಯಿಂದ ತಂದ ಗಾಣದ ಶೇಂಗಾ ಎಣ್ಣೆ ಇಟ್ಟರೆ ಅದು ತಾನೇ ಮಿನುಗಿ ರಾಮನ್ ಗೆರೆಗಳನ್ನೆಲ್ಲ ಮುಳುಗಿಸಿತು. ರಿಫೈನ್ಡ್ ಎಣ್ಣೆ ಪರವಾಗಿಲ್ಲ, ಎಣ್ಣೆಯ ಗೆರೆಗಳಾದ 1655 ಮತ್ತು 1440 ಎರಡೂ ಕಂಡವು.

ಬೆಣ್ಣೆ. ದಾವಣಗೆರೆಯಲ್ಲಿದ್ದು ಬೆಣ್ಣೆ ಇಟ್ಟು ನೋಡದಿದ್ದರೆ ಹೇಗೆ? ಆಕಳ ಬೆಣ್ಣೆ ಹಳದಿ, ಎಮ್ಮೆ ಬೆಣ್ಣೆ ಬಿಳಿ. ಎಮ್ಮೆ ತಾನು ತಿಂದ ಹುಲ್ಲಿನ ಕ್ಯಾರೊಟಿನ್ ಅನ್ನುವ ಹಳದಿ ಬಣ್ಣವನ್ನು ಬಹುತೇಕ ವಿಟಮಿನ್ ಎ ಮಾಡಿಬಿಡುತ್ತದೆ, ಆಕಳು ಸ್ವಲ್ಪ ಹಾಗೇ ಉಳಿಸಿ ಹಾಲಿಗೆ ಬಿಡುತ್ತದೆ. ಹಸಿರು ಲೇಸರ್‌ಗೆ ಈ ಕ್ಯಾರೊಟಿನ್ ಅಂದರೆ ಪ್ರೀತಿ, ಒಂದಿಷ್ಟೇ ಇದ್ದರೂ ಅದರ ದನಿ ಜೋರಾಗಿ ಕೇಳುತ್ತದೆ. 1157, 1525, ಎರಡು ಮೊನಚು ಗೆರೆ. ಆಕಳ ಬೆಣ್ಣೆಯಲ್ಲಿ ಎರಡೂ ಬಂದವು, ಎಮ್ಮೆ ಬೆಣ್ಣೆಯಲ್ಲಿ ಬರಲಿಲ್ಲ. ಇದುವರೆಗೆ ಈ ಪೆಟ್ಟಿಗೆ ನನಗೆ ಕೊಟ್ಟ ಅತಿ ಚೆಂದದ ಚಿತ್ರ ಅದು, ಪ್ರಿಂಟ್ ತೆಗೆದು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ. ಲೇಸರನ್ನು ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಬೆಣ್ಣೆ ಕರಗುತ್ತದೆ, ಬೇಗ ಮುಗಿಸಿ.

ಸುದ್ದಿ ಹೇಗೋ ನಾನು ದಿನಾ ತಿಂಡಿಗೆ ಹೋಗುವ ಹೋಟೆಲಿಗೆ ಮುಟ್ಟಿತು. ಮಾಲೀಕರು ಗಲ್ಲಾಪೆಟ್ಟಿಗೆಯಿಂದಲೇ ಕೂಗಿದರು, "ಏನ್ ಸರ್, ಬೆಣ್ಣಿಗೂ ಲೈಟ್ ಬಿಟ್ಟೀರಂತೆ? ನಮ್ಮ ಬೆಣ್ಣಿ ಚಲೋ ಐತಿ ಅಂತ ಒಂದ್ ಕಾಗದ ಬರ್ದು ಕೊಡ್ರಿ, ಫ್ರೇಮ್ ಹಾಕಿಸ್ತೀನಿ." ಆಗುವುದಿಲ್ಲ ಅಂದೆ. ಹಳದಿ ಬಣ್ಣ ಆಕಳಿಂದ ಬಂತೋ ಡಬ್ಬಿಯಿಂದ ಬಂತೋ ಈ ಪೆಟ್ಟಿಗೆ ಹೇಳುವುದಿಲ್ಲ, ಕ್ಯಾರೊಟಿನನ್ನೇ ಬಣ್ಣವಾಗಿ ಬೆರೆಸಿದರೆ ಗೆರೆ ಅದೇ. "ಮತ್ತೆ ಯಾತಕ್ಕ ಬೇಕ್ರಿ ಅದು?" ಅಂದರು. ಉತ್ತರ ಹುಡುಕುವಷ್ಟರಲ್ಲಿ ದೋಸೆ ಬಂತು.

ನನ್ನ ಗೈಡ್ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಏನೂ ಇಲ್ಲದ ಮಾದರಿಯನ್ನು ಹತ್ತು ಸಲ ಅಳೆದು, ಆ ಖಾಲಿ ಅಂಕಿ ಎಷ್ಟು ಕುಣಿಯುತ್ತದೆ ಅಂತ ನೋಡಿ, ಆ ಕುಣಿತದ ಮೂರು ಪಟ್ಟು ಮೇಲೆ ಸಿಗ್ನಲ್ ಬಂದರೆ ಮಾತ್ರ "ಇದೆ" ಅನ್ನಬೇಕು. ನನ್ನ ಥೀಸಿಸ್ಸಿನ ಒಂದು ಇಡೀ ಅಧ್ಯಾಯ ಇದಕ್ಕೇ ಹೋಯಿತು, ಆಗ ಬೈದುಕೊಂಡಿದ್ದೆ. ಈ ಕಿಟ್ಟಿನ ಸಾಫ್ಟ್‌ವೇರ್ ಅಂಥದ್ದೇನನ್ನೂ ಕೇಳುವುದಿಲ್ಲ. ಒಂದು ಸಲ ಅಳೆದು "ಶುದ್ಧ" ಅಂತ ಹಸಿರು ಟಿಕ್ ಹಾಕುತ್ತದೆ. ಪರೀಕ್ಷೆಗೆ ಅಂತ ಮಾದರಿಯೇ ಇಡದೆ ಖಾಲಿ ಬಿಟ್ಟು ಒತ್ತಿದೆ. "ಶುದ್ಧ" ಅಂತ ಬಂತು. ಆ ಬಟನ್ ಮುಟ್ಟಬೇಡಿ, ಕಚ್ಚಾ ಡೇಟಾ ಫೈಲ್ ತೆಗೆದುಕೊಳ್ಳಬಹುದು, ಅದನ್ನೇ ಎಕ್ಸೆಲ್ಲಿಗೆ ಹಾಕಿ ನೀವೇ ನೋಡಿ.

ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ. ಏಪ್ರಿಲ್ ಮಧ್ಯಾಹ್ನ ನಮ್ಮೂರಿನ ಲ್ಯಾಬು ಒಲೆಯ ಥರ. ಡಿಟೆಕ್ಟರ್ ಬಿಸಿಯಾದಷ್ಟೂ ಬೆಳಕಿಲ್ಲದಿದ್ದರೂ ಸಿಗ್ನಲ್ ತೋರಿಸುತ್ತದೆ, ಲೇಸರಿನ ಪವರ್ ಏರಿಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಹೋಗಿ, ಹದಿನೈದು ನಿಮಿಷ ಲೇಸರ್ ಉರಿಯಲು ಬಿಟ್ಟು, ಹತ್ತರೊಳಗೆ ಮುಗಿಸುತ್ತೇನೆ. ಪ್ರತಿ ಅಳತೆಗೂ ಮುಂಚೆ ಲೇಸರ್ ಮುಚ್ಚಿ ಒಂದು ಕತ್ತಲೆ ಓದು ತೆಗೆದು, ಅದನ್ನು ಅಳತೆಯಿಂದ ಕಳೆಯಬೇಕು. ಕರೆಂಟಿನ ಭರವಸೆ ಇಲ್ಲದವರು ಯುಪಿಎಸ್ ಇಟ್ಟುಕೊಳ್ಳಿ.

ಅಂಕ ಕೊಡಿ ಅಂದರೆ ಕಾಲೇಜು ಲ್ಯಾಬಿಗೆ ಐದಕ್ಕೆ ಮೂರೂವರೆ, ಜೊತೆಗೆ ಲೇಸರ್ ಕಂಡವರು ಒಬ್ಬರು ಇರಬೇಕು ಅನ್ನುವ ಷರತ್ತಿನ ಮೇಲೆ. ಮನೆಯಲ್ಲಿ ಹಾಲು ತುಪ್ಪ ಪರೀಕ್ಷಿಸುವ ಆಸೆಗೆ ಕೊಳ್ಳುವವರಿಗೆ ಸೊನ್ನೆ, ಆ ದುಡ್ಡಿಗೆ ಒಂದು ಒಳ್ಳೆ ಎಮ್ಮೆ ಕರುವೇ ಬರಬಹುದು. ನಾನು ಮತ್ತೆ ಕೊಳ್ಳುತ್ತೇನಾ? ಕೊಳ್ಳುತ್ತೇನೆ. ಆವತ್ತು ಚಂದ್ರನ ಪ್ರಶ್ನೆ ಕೇಳಿದ ಹುಡುಗಿ ಈಗ ಎಂಎಸ್ಸಿ ಸೇರಿದ್ದಾಳೆ, ಶನಿವಾರ ಬಂದು ಜೂನಿಯರುಗಳಿಗೆ ಅಲೈನ್‌ಮೆಂಟ್ ಹೇಳಿಕೊಡುತ್ತಾಳೆ, ಬಾಗಿಲು ಜೋರಾಗಿ ಹಾಕಿದವರಿಗೆ ನನಗಿಂತ ಜೋರಾಗಿ ಬೈಯುತ್ತಾಳೆ.

ಇನ್ನು ಗ್ರಾಹಕ ಸೇವೆ. ಕನ್ನಡಕದ ಬಗ್ಗೆ ಹಾಕಿದ ಮೇಲ್‌ಗೆ ಐದು ತಿಂಗಳ ಮೇಲೆ ಉತ್ತರ ಬಂತು, ತಪ್ಪಾಗಿದೆ, ಹೊಸದು ಕಳಿಸುತ್ತೇವೆ ಅಂತ. ಮೊನ್ನೆ ಪಾರ್ಸೆಲ್ ಬಂತು. ಅಟೆಂಡರ್ ಎದುರಿಗೇ ಬಿಚ್ಚಿದೆ. ಪ್ಯಾಕಿಂಗ್ ಚೆನ್ನಾಗಿತ್ತು, ಒರೆಸಲು ಬಟ್ಟೆಯನ್ನೂ ಇಟ್ಟಿದ್ದರು. ಕನ್ನಡಕ ಮತ್ತೆ ಹಸಿರೇ.